ಅರವತ್ತಕ್ಕೆ ಫಸ್ಟ್ ಕ್ಲಾಸ್ ಎಂದು ಕಲಿತವಳ ಉತ್ತರಗಳು

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ, ಹಾರ್ವರ್ಡ್‌ನಲ್ಲಿ 2025ರ ಹೊತ್ತಿಗೆ ಕೊಡುತ್ತಿದ್ದ ನೂರು ಗ್ರೇಡುಗಳಲ್ಲಿ ಅರವತ್ತಕ್ಕೂ ಹೆಚ್ಚು ‘ಎ’ ಎಂದು ಒಂದು ಸಾಲು ಬರೆದಿದ್ದೆ. ಎರಡು ವರ್ಷದಿಂದ ಇದೇ ಪುಟದಲ್ಲಿ ಸೀಟು, ಸಾಲ, ವೀಸಾ ಎಂದು ಎಷ್ಟೆಲ್ಲ ಬರೆದಿದ್ದೇನೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಅದ್ಯಾವುದಕ್ಕೂ ಬಂದಿರಲಿಲ್ಲ. ಅಂಕದ ವಿಷಯವೆಂದರೆ ನಮ್ಮವರಿಗೆ ಜಾತಕದ ವಿಷಯ ಇದ್ದಹಾಗೆ, ಬೇರೆಯವರದ್ದಾದರೂ ಬಿಡಿಸಿ ನೋಡಬೇಕು. ಈ ಸಲದ ಪುಟ ಪೂರ್ತಿ ಅದಕ್ಕೇ ಇರಲಿ.

● ಹಾರ್ವರ್ಡ್‌ಗೆ ಸೇರುವವರೇ ಆರಿಸಿ ತೆಗೆದ ಮಕ್ಕಳು. ಜಾಣರಿಗೆಲ್ಲ ‘ಎ’ ಬಂದರೆ ಅದರಲ್ಲಿ ಅತಿಶಯವೇನು? ನಮ್ಮ ಶಾಲೆಯಲ್ಲೂ ಒಂದೊಂದು ವರ್ಷ ಇಡೀ ಸೆಕ್ಷನ್ನೇ ಚೆನ್ನಾಗಿರುತ್ತಿತ್ತು.
— ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ

ಆ ಒಂದೊಂದು ವರ್ಷ ನಿಮಗೆ ಇನ್ನೂ ನೆನಪಿದೆ ಎಂದರೆ ಉಳಿದ ವರ್ಷಗಳು ಹಾಗಿರಲಿಲ್ಲ ಎಂದಾಯಿತಲ್ಲ ಸಾರ್? ಹಾರ್ವರ್ಡ್‌ನಲ್ಲಿ 2025ರವರೆಗೂ ಪ್ರತಿ ವರ್ಷವೂ ಇಡೀ ಸೆಕ್ಷನ್ ಚೆನ್ನಾಗಿತ್ತು, ವರ್ಷದಿಂದ ವರ್ಷಕ್ಕೆ ಇನ್ನೂ ಚೆನ್ನಾಗುತ್ತಿತ್ತು. 2005ರ ಸುಮಾರಿಗೆ ಅಲ್ಲಿ ‘ಎ’ ಗ್ರೇಡು ಕಾಲುಭಾಗದಷ್ಟಿತ್ತು. ಪದವಿ ಶಿಕ್ಷಣದ ಡೀನ್ ಅಮಾಂಡಾ ಕ್ಲೇಬಾ ಅವರು 2025ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಅದು ಶೇ. 60 ದಾಟಿತ್ತು. ಹಾಗಾದರೆ ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಸೇರಿದವರು ದಡ್ಡರೇ? ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ಅಲ್ಲಿನದೇ ಒಂದು ಹಾಸ್ಟೆಲ್ ಕೋಣೆಯಲ್ಲಿ.

ಹಾರ್ವರ್ಡ್ ಒಂದನ್ನೇ ಎತ್ತಿ ಆಡುವುದೂ ನ್ಯಾಯವಲ್ಲ. ಯೇಲ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ರೇ ಫೇರ್ ಲೆಕ್ಕ ಹಾಕಿದಾಗ, 2022–23ರಲ್ಲಿ ಕೊಟ್ಟ ಗ್ರೇಡುಗಳಲ್ಲಿ ಶೇ. 79ರಷ್ಟು ‘ಎ’ ಇಲ್ಲವೇ ‘ಎ ಮೈನಸ್’ ಆಗಿದ್ದವು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಡೆಗೇ ನಿಲ್ಲುತ್ತೇನೆ. ವಯಸ್ಸಾದ ಮೇಷ್ಟ್ರುಗಳಿಗೆ ‘ಈಗಿನ ಕಾಲದಲ್ಲಿ ಅಂಕ ಅಗ್ಗ’ ಎನ್ನುವುದು ಒಂದು ಚಟ. 1894ರಲ್ಲೇ ಹಾರ್ವರ್ಡ್‌ನ ಸಮಿತಿಯೊಂದು, ‘ಎ’ ಮತ್ತು ‘ಬಿ’ಗಳನ್ನು ಕೆಲವೊಮ್ಮೆ ಸಲೀಸಾಗಿ ಕೊಡಲಾಗುತ್ತಿದೆ ಎಂದು ಬರೆದಿಟ್ಟಿದೆ. ನನ್ನ ಗೊಣಗಾಟಕ್ಕೂ ಇಷ್ಟು ರಿಯಾಯಿತಿ ಕೊಟ್ಟೇ ಓದಿ. ಆದರೆ 2001ರಲ್ಲಿ ಅಲ್ಲಿ ಪದವಿ ಪಡೆದವರಲ್ಲಿ ನೂರಕ್ಕೆ 91 ಮಂದಿಗೆ ‘ಆನರ್ಸ್’ ಕೊಟ್ಟಿದ್ದರು. ಪತ್ರಿಕೆಯಲ್ಲಿ ಬಂದು ಊರೆಲ್ಲ ನಕ್ಕ ಮೇಲೆ ಅದನ್ನು 60ಕ್ಕೆ ಇಳಿಸುವ ತೀರ್ಮಾನವಾಯಿತು. ನೂರರಲ್ಲಿ ತೊಂಬತ್ತೊಂದು ಜನಕ್ಕೆ ಶಾಲು ಹೊದಿಸಿದರೆ ಸಭೆಯಲ್ಲಿ ಜನರ ಕಣ್ಣು ಹೋಗುವುದು ಶಾಲಿಲ್ಲದ ಒಂಬತ್ತು ಜನರ ಮೇಲೆ.

● ಮಗಳು ಅಮೆರಿಕದ ದೊಡ್ಡ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯಕ್ಕೆ ‘ಬಿ ಪ್ಲಸ್’ ಬಂದಿದೆ ಎಂದು ಫೋನಿನಲ್ಲಿ ಒಂದು ಗಂಟೆ ಅತ್ತಳು. ನಮ್ಮ ಯಜಮಾನರು ‘ಬಿ ಪ್ಲಸ್ ಅಂದ್ರೆ ಫಸ್ಟ್ ಕ್ಲಾಸ್ ಕಣೇ, ಸುಮ್ನಿರು’ ಅನ್ನುತ್ತಾರೆ. ಅವಳು ಇನ್ನೂ ಜೋರಾಗಿ ಅಳುತ್ತಾಳೆ. ಬಿ ಪ್ಲಸ್ ಅಂದರೆ ಏನು ಮೇಡಂ?
— ತಾಯಿ, ದಾವಣಗೆರೆ

ನಿಮ್ಮ ಯಜಮಾನರು ಹೇಳಿದ್ದು ಸರಿ, ನಿಮ್ಮ ಮಗಳು ಅತ್ತದ್ದೂ ಸರಿ. ಇಬ್ಬರ ಕೈಯಲ್ಲಿರುವ ಅಳತೆಗೋಲು ಬೇರೆ ಬೇರೆ, ಅಷ್ಟೇ. ಈ ಎರಡು ಗೋಲಿನ ನಡುವೆ ಸಿಕ್ಕಿಬಿದ್ದವಳು ನಾನು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1983ರಲ್ಲಿ ಮಾನಸಗಂಗೋತ್ರಿಯಿಂದ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಮೆರಿಕದ ಮಧ್ಯಭಾಗದ ಒಂದು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆ ಹೋದೆ. ಫೀಸು ಮಾಫಿ, ತಿಂಗಳಿಗೆ ಸ್ವಲ್ಪ ಸಂಬಳ. ಬದಲಿಗೆ ಪದವಿ ವಿದ್ಯಾರ್ಥಿಗಳ ಪಾಠಕ್ಕೆ ಸಹಾಯ ಮಾಡಬೇಕು, ಉತ್ತರಪತ್ರಿಕೆ ತಿದ್ದಬೇಕು. ಅಲ್ಲಿ ಪರೀಕ್ಷೆಗೆ ನೀಲಿ ಹೊದಿಕೆಯ ತೆಳ್ಳನೆ ಪುಸ್ತಕ ಕೊಡುತ್ತಾರೆ, ಅದರ ಹೆಸರೇ ಬ್ಲೂ ಬುಕ್. ಮೊದಲ ಪರೀಕ್ಷೆಯ ನಲವತ್ತೆರಡು ಬ್ಲೂ ಬುಕ್ ನನ್ನ ಮೇಜಿನ ಮೇಲೆ ಬಂದು ಕೂತವು. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ತಿದ್ದುತ್ತಿದ್ದ ಹಾಗೇ ತಿದ್ದಿದೆ. ಹಂತ ಬಿಟ್ಟರೆ ಅರ್ಧ ಕಟ್, ಕೊನೆಯಲ್ಲಿ ವಾಕ್ಯದಲ್ಲಿ ಉತ್ತರ ಬರೆಯದಿದ್ದರೆ ಒಂದು ಕಟ್. ಎಲ್ಲರಿಗಿಂತ ಚೆನ್ನಾಗಿ ಬರೆದ ಹುಡುಗಿಗೆ ನೂರಕ್ಕೆ 68 ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ತುಂಬ ಚೆನ್ನಾಗಿದೆ’ ಎಂದೂ ಬರೆದೆ.

ಮಾರನೆಯ ಬೆಳಿಗ್ಗೆ ಆ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅವಳ ಪ್ರಶ್ನೆ ಒಂದೇ. ತುಂಬ ಚೆನ್ನಾಗಿದ್ದರೆ ಡಿ ಯಾಕೆ? ನನಗೆ ಅರ್ಥವೇ ಆಗಲಿಲ್ಲ. ಪ್ರಾಧ್ಯಾಪಕರು ಕರೆಸಿ ಕೂರಿಸಿಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದರು. ತೊಂಬತ್ತರ ಮೇಲೆ ಎ, ಎಂಬತ್ತರ ಮೇಲೆ ಬಿ, ಎಪ್ಪತ್ತರ ಮೇಲೆ ಸಿ, ಅರವತ್ತರ ಮೇಲೆ ಡಿ. ಅರವತ್ತರ ಕೆಳಗೆ ಎಫ್, ನಪಾಸು. ನಮ್ಮ ಮನೆಯಲ್ಲಿ ಅರವತ್ತು ಎಂದರೆ ಪಾಯಸ ಮಾಡುತ್ತಿದ್ದರು! ಆ ರಾತ್ರಿ ಕೂತು ನಲವತ್ತೆರಡನ್ನೂ ಮತ್ತೆ ತಿದ್ದಿದೆ. ಯಾರ ಉತ್ತರವೂ ಬದಲಾಗಿರಲಿಲ್ಲ, ಎಲ್ಲರ ಅಂಕವೂ ಇಪ್ಪತ್ತೈದು ಏರಿತು.

ಈಗ ನಿಮ್ಮ ಮಗಳ ವಿಷಯ. ಬಿ ಪ್ಲಸ್ ಎಂದರೆ ನಾಲ್ಕಕ್ಕೆ 3.3. ಎಂ.ಎಸ್. ಮಾಡುವವರ ಒಟ್ಟು ಸರಾಸರಿ 3ರ ಕೆಳಗೆ ಇಳಿಯಬಾರದು ಎನ್ನುವುದು ಅಲ್ಲಿ ಹೆಚ್ಚಿನ ಕಡೆ ಇರುವ ನಿಯಮ. ಅವಳು ಅದಕ್ಕಿಂತ ಮೇಲೇ ಇದ್ದಾಳೆ, ಯಾವ ಅಪಾಯವೂ ಇಲ್ಲ. ಆದರೆ ಪಕ್ಕದಲ್ಲಿ ಕೂತವರಿಗೆಲ್ಲ ಎ ಬಂದಿದ್ದರೆ ಬಿ ಪ್ಲಸ್ ಎನ್ನುವುದು ತರಗತಿಯ ಕೊನೆಯ ಬೆಂಚಿನ ಹಾಗೆ ಕಾಣುತ್ತದೆ. ಅವಳು ಅಳುತ್ತಿರುವುದು ಅದಕ್ಕೆ. ಮೊದಲ ಸೆಮಿಸ್ಟರ್ ಎಡವುವುದು ಅಲ್ಲಿನವರಿಗೂ ಗೊತ್ತಿರುವ ವಿಷಯ. ಎಂಐಟಿಯಲ್ಲಿ ಪದವಿಗೆ ಸೇರಿದ ಮಕ್ಕಳಿಗೆ ಮೊದಲ ಸೆಮಿಸ್ಟರ್‌ನಲ್ಲಿ ಅಕ್ಷರದ ಗ್ರೇಡನ್ನೇ ದಾಖಲಿಸುವುದಿಲ್ಲ. ಪಾಸಾದರೆ ಪಾಸು ಎಂದು ಬರೆಯುತ್ತಾರೆ, ಆಗದಿದ್ದರೆ ಹೊರಗೆ ಕೊಡುವ ದಾಖಲೆಯಲ್ಲಿ ಏನೂ ಇರುವುದಿಲ್ಲ.

ಮಗಳಿಗೆ ಹೇಳಿ, ಆ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆಂದು ಇಟ್ಟ ಸಮಯದಲ್ಲಿ ಹೋಗಿ ಭೇಟಿಯಾಗಲಿ. ‘ಅಂಕ ಏರಿಸಿ’ ಎಂದು ಮಾತ್ರ ಕೇಳಬಾರದು. ಉತ್ತರಪತ್ರಿಕೆ ಮುಂದಿಟ್ಟು ‘ಇಲ್ಲಿ ನೀವು ಇನ್ನೇನು ಬಯಸಿದ್ದಿರಿ?’ ಎಂದು ಕೇಳಲಿ. ಅಷ್ಟು ವರ್ಷ ಪಾಠ ಮಾಡಿದ ನನ್ನ ಹತ್ತಿರ ಈ ಪ್ರಶ್ನೆ ಹಿಡಿದು ಬಂದವರನ್ನು ಕೈಬೆರಳಲ್ಲಿ ಎಣಿಸಬಹುದು. ಅವರ ಮುಖಗಳು ಇವತ್ತಿಗೂ ನೆನಪಿವೆ.

● ಇಷ್ಟೆಲ್ಲ ಬುದ್ಧಿವಂತರಿರುವ ಜಾಗದಲ್ಲಿ ‘ಇಷ್ಟೇ ಎ, ಇದಕ್ಕಿಂತ ಹೆಚ್ಚಿಲ್ಲ’ ಎಂದು ಒಂದು ಆರ್ಡರ್ ಹೊರಡಿಸಲು ಆಗುವುದಿಲ್ಲವೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಹೊರಡಿಸಿ ನೋಡಿದ್ದಾರೆ ಮಾರಾಯ, ಹತ್ತು ವರ್ಷ ನಡೆಸಿಯೂ ನೋಡಿದ್ದಾರೆ.

2004ರಲ್ಲಿ ಪ್ರಿನ್ಸ್‌ಟನ್‌ನ ಡೀನ್ ನ್ಯಾನ್ಸಿ ಮಲ್ಕೀಲ್ ಅವರ ಮುತುವರ್ಜಿಯಲ್ಲಿ ಒಂದು ನೀತಿ ಬಂತು. ಎ ಪ್ಲಸ್, ಎ, ಎ ಮೈನಸ್ ಮೂರೂ ಸೇರಿ ಒಂದು ವಿಭಾಗ ಕೊಡುವ ಗ್ರೇಡುಗಳಲ್ಲಿ ಶೇ. 35 ಮೀರಬಾರದು. ಕೊನೆಯ ಎರಡು ವರ್ಷ ವಿದ್ಯಾರ್ಥಿಗಳು ಸ್ವತಂತ್ರವಾಗಿ ಬರೆಯುವ ಪ್ರಬಂಧಗಳಿಗೆ ಮಾತ್ರ 55ರವರೆಗೆ. ಗಮನಿಸು, ಇದು ಇಡೀ ವಿಭಾಗಕ್ಕೆ ಹೇಳಿದ ಲೆಕ್ಕ. ಹಾಸ್ಟೆಲಿಗೆ ತಲುಪುವ ಹೊತ್ತಿಗೆ ಅದು ‘ಇಪ್ಪತ್ತು ಜನರ ಕ್ಲಾಸಿನಲ್ಲಿ ಏಳೇ ಜನಕ್ಕೆ ಎ’ ಎಂದಾಗಿತ್ತು. ಹಾಗಾದ ಮೇಲೆ ಪಕ್ಕದವನಿಗೆ ನೋಟ್ಸ್ ಕೊಡುವವರು ಯಾರು? ನೀನು ಕೊಡುತ್ತೀಯಾ?

ಸಂಕಟ ಇನ್ನೊಂದಿತ್ತು. ಪ್ರಿನ್ಸ್‌ಟನ್ ಬಿಗಿ ಮಾಡಿತು, ಹಾರ್ವರ್ಡ್ ಮಾಡಲಿಲ್ಲ, ಯೇಲ್ ಮಾಡಲಿಲ್ಲ. ಲಾ ಸ್ಕೂಲಿಗೆ ಅರ್ಜಿ ಹಾಕುವಾಗ ಮೂವರ ಗ್ರೇಡೂ ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ. ಪ್ರಾಮಾಣಿಕವಾಗಿ ತೂಗಿದ ಅಂಗಡಿಯ ಅಕ್ಕಿಯೇ ಕಡಿಮೆ ಕಂಡಿತು. ಕ್ರಿಸ್ಟೋಫರ್ ಐಸ್‌ಗ್ರೂಬರ್ ಅಧ್ಯಕ್ಷರಾದ ಮೇಲೆ ಸಮಿತಿ ಕೂತು, ಶೇ. 35 ಎಂಬ ಗುರಿ ತೆಗೆಯಿರಿ ಎಂದಿತು. 2014ರ ಅಕ್ಟೋಬರ್‌ನಲ್ಲಿ ಅಧ್ಯಾಪಕರು ಮತ ಹಾಕಿ ತೆಗೆದರು. ಆ ಸಮಿತಿಗೆ ಕಂಡ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ‘ಎ’ಗಳು ಇಳಿಯಲು ಶುರುವಾದದ್ದು ನೀತಿ ಜಾರಿಗೆ ಬರುವ ಮುಂಚೆ, ಅಧ್ಯಾಪಕರು ಸಭೆ ಸೇರಿ ಈ ವಿಷಯ ಮಾತಾಡಲು ಆರಂಭಿಸಿದಾಗ. ಪಕ್ಕದ ಕೋಣೆಯವನು ಎಷ್ಟು ಕೊಡುತ್ತಾನೆ ಎಂದು ಗೊತ್ತಾದದ್ದೇ ಅರ್ಧ ಕೆಲಸ ಮಾಡಿತು.

ವೆಲ್ಸ್‌ಲಿ ಎಂಬ ಮಹಿಳಾ ಕಾಲೇಜಿದೆ, ಹಿಲರಿ ಕ್ಲಿಂಟನ್ ಓದಿದ್ದು ಅಲ್ಲಿ. ಅಲ್ಲಿಯೂ 2004ರಲ್ಲೇ, ಆರಂಭದ ಹಂತಗಳ ಕೋರ್ಸುಗಳಲ್ಲಿ ತರಗತಿಯ ಸರಾಸರಿ ಬಿ ಪ್ಲಸ್ ದಾಟಬಾರದು ಎಂದು ಮಾಡಿದರು. ಅದೇ ಕಾಲೇಜಿನ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಅದರ ಫಲ ಏನಾಯಿತೆಂದು ಅಳೆದು ಪ್ರಕಟಿಸಿದರು. ಮೊದಲು ಧಾರಾಳವಾಗಿ ಕೊಡುತ್ತಿದ್ದ ವಿಭಾಗಗಳಲ್ಲಿ ಗ್ರೇಡು ಇಳಿಯಿತು. ಜೊತೆಗೆ ಆ ವಿಭಾಗಗಳಿಗೆ ಸೇರುವವರು ಕಡಿಮೆಯಾದರು, ವಿದ್ಯಾರ್ಥಿನಿಯರು ಮೇಷ್ಟ್ರುಗಳಿಗೆ ಕೊಡುವ ಅಂಕವೂ ಇಳಿಯಿತು. ಕರಿಯ ವಿದ್ಯಾರ್ಥಿನಿಯರ ಗ್ರೇಡು ಉಳಿದವರಿಗಿಂತ ಹೆಚ್ಚು ಕುಸಿಯಿತು. ನನ್ನಂಥ ಬಿಗಿಯ ಪಕ್ಷದವರು ಈ ಕೊನೆಯದನ್ನು ನುಂಗಿಕೊಂಡು ಮುಂದೆ ಹೋಗಬಾರದು. ಆ ನೀತಿಯನ್ನೂ ಆಮೇಲೆ ಕೈಬಿಟ್ಟರು.

ಕಾರ್ನೆಲ್‌ನವರದ್ದು ಇನ್ನೂ ತಮಾಷೆ. ಕಡಿವಾಣ ಬೇಡ, ಬೆಳಕು ಚೆಲ್ಲೋಣ ಎಂದರು. ಪ್ರತಿ ಕೋರ್ಸಿನ ಮೀಡಿಯನ್ ಗ್ರೇಡನ್ನು, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಗ್ರೇಡನ್ನು, ಇಂಟರ್ನೆಟ್ಟಿನಲ್ಲಿ ಹಾಕುವುದೆಂದು 1996ರಲ್ಲಿ ನಿರ್ಧಾರವಾಯಿತು. ಒಂದು ‘ಎ’ಯ ಬೆಲೆ ಎಷ್ಟೆಂದು ನೋಡಿದವರಿಗೆ ತಿಳಿಯಲಿ ಎನ್ನುವುದು ಉದ್ದೇಶ. ವಿದ್ಯಾರ್ಥಿಗಳು ಅದನ್ನು ರೇಷನ್ ಅಂಗಡಿಯ ದರಪಟ್ಟಿಯ ಹಾಗೆ ಓದಿಕೊಂಡರು. ಯಾವ ಕೋರ್ಸಿನಲ್ಲಿ ‘ಎ’ ಸಲೀಸು ಎಂದು ನೋಡಿ ಅಲ್ಲಿಗೇ ಸಾಲು ಹಚ್ಚಿದರು. 2011ರಲ್ಲಿ ಪಟ್ಟಿ ಹಾಕುವುದನ್ನು ನಿಲ್ಲಿಸಿದರು.

ಸಂಖ್ಯಾಶಾಸ್ತ್ರದವಳಾಗಿ ಹೇಳುತ್ತೇನೆ, ಮಾಹಿತಿ ಕೆಟ್ಟದ್ದಲ್ಲ. ಯಾರ ಕೈಗೆ, ಯಾವ ಹೊತ್ತಿಗೆ ಸಿಗುತ್ತದೆ ಎನ್ನುವುದರಲ್ಲಿ ಎಲ್ಲವೂ ಇದೆ. ಕೋರ್ಸು ಆರಿಸುವ ಮೊದಲು ವಿದ್ಯಾರ್ಥಿಗೆ ಸಿಕ್ಕರೆ ದರಪಟ್ಟಿ, ಓದು ಮುಗಿದ ಮೇಲೆ ಮಾರ್ಕ್ಸ್ ಕಾರ್ಡಿನಲ್ಲಿ ಬಂದರೆ ವಿವರಣೆ.

● ಮೇಡಂ, ನಿಮ್ಮ ಮಗನಿಗೆ ಯಾವ ಗ್ರೇಡ್ ಕೊಡುತ್ತೀರಿ?
— ಗೃಹಿಣಿ, ತೀರ್ಥಹಳ್ಳಿ

‘ಐ’. ಇನ್‌ಕಂಪ್ಲೀಟ್. ಕೆಲಸ ಒಪ್ಪಿಸಲು ಇನ್ನೂ ಸಮಯ ಕೇಳುತ್ತಿದ್ದಾನೆ.

● ಇದನ್ನೆಲ್ಲ ಶುರು ಮಾಡಿದವರು ಯಾರು? ವಿದ್ಯಾರ್ಥಿಗಳೋ, ಆಡಳಿತವೋ, ನಮ್ಮಂಥ ಮೇಷ್ಟ್ರುಗಳೋ?
— ನಿವೃತ್ತ ಪ್ರಾಧ್ಯಾಪಕರು, ಧಾರವಾಡ

ಮೊದಲ ಅಲೆಗೆ ಕಾರಣವಾಗಿ ವಿಯೆಟ್ನಾಂ ಯುದ್ಧವನ್ನು ಹೇಳುವವರು ಬಹಳ ಜನ. ಆಗ ಅಮೆರಿಕದಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಇತ್ತು. ಕಾಲೇಜಿನಲ್ಲಿ ಓದುತ್ತಿರುವವರಿಗೆ ತಾತ್ಕಾಲಿಕ ವಿನಾಯಿತಿ. 1966ರ ಹೊತ್ತಿಗೆ ತರಗತಿಯಲ್ಲಿ ಎಷ್ಟನೆಯವನು ಎನ್ನುವುದನ್ನೂ ಆ ವಿನಾಯಿತಿಗೆ ನೋಡುವ ಪದ್ಧತಿ ಬಂದಿತ್ತು. ಮೇಷ್ಟ್ರ ಪೆನ್ನಿನಿಂದ ಹೊರಟ ಒಂದು ‘ಸಿ’ ಹುಡುಗನನ್ನು ಕಾಡಿನ ಯುದ್ಧಕ್ಕೆ ಒಯ್ಯಬಹುದು. ನೀವಾಗಿದ್ದರೆ ಏನು ಕೊಡುತ್ತಿದ್ದಿರಿ ಸಾರ್? ನಾನಾಗಿದ್ದರೆ ಎಲ್ಲರಿಗೂ ‘ಬಿ’ ಕೊಟ್ಟು ನೆಮ್ಮದಿಯಾಗಿ ಮಲಗುತ್ತಿದ್ದೆ.

ಎರಡನೆಯ ಅಲೆಯಲ್ಲಿ ನಾನೇ ಇದ್ದೆ. ಅದಕ್ಕೆ ಯುದ್ಧದ ನೆಪವೂ ಇಲ್ಲ.

ತೊಂಬತ್ತರ ದಶಕ. ಪೂರ್ವ ಕರಾವಳಿಯ ಒಂದು ಕಾಲೇಜು, ಹೆಸರು ಬೇಡ. ನನ್ನದು ಕಾಂಟ್ರ್ಯಾಕ್ಟ್ ಕೆಲಸ, ಕಾಯಂ ಅಲ್ಲ. ಸೆಮಿಸ್ಟರ್ ಕೊನೆಯಲ್ಲಿ ವಿದ್ಯಾರ್ಥಿಗಳು ಒಂದು ಫಾರಂ ತುಂಬುತ್ತಾರೆ. ಮೇಷ್ಟ್ರಿಗೆ ಒಂದರಿಂದ ಐದರವರೆಗೆ ಅಂಕ, ಪೆನ್ಸಿಲಿನಲ್ಲಿ ಗುಂಡು ತುಂಬುವುದು. ಆ ಹೊತ್ತಿಗೆ ತಮಗೆ ಏನು ಬರಲಿದೆ ಎಂದು ಅವರಿಗೂ ಅಂದಾಜು ಇರುತ್ತದೆ. ನನ್ನ ಸರಾಸರಿ 3.1 ಬಂತು. ‘ಪಾಠ ಚೆನ್ನಾಗಿದೆ, ಗ್ರೇಡಿಂಗ್ ಕ್ರೂರ’ ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ನನ್ನ ಉಚ್ಚಾರದ ಮೇಲೆ ಬರೆದಿದ್ದರು.

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಕಾಫಿ ಕೊಡಿಸಿದರು. ಅದೇ ವಿಷಯವನ್ನು ಇನ್ನೊಂದು ಸೆಕ್ಷನ್ನಿಗೆ ಹೇಳುವವರಿಗೆ 4.6 ಬಂದಿದೆ ಎಂದರು. ಅವರು ಕೊಟ್ಟ ಗ್ರೇಡುಗಳ ಪಟ್ಟಿಯನ್ನೂ, ನಾನು ಕೊಟ್ಟದ್ದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಕಪ್ಪು ತೊಳೆದಿಟ್ಟು, ಮಗ ಹೇಗಿದ್ದಾನೆ ಎಂದು ಕೇಳಿದರು.

ಮುಂದಿನ ಸೆಮಿಸ್ಟರ್ ‘ಸಿ ಪ್ಲಸ್’ ಎಂದು ಬರೆದಿಟ್ಟಿದ್ದ ಹನ್ನೊಂದು ಹೆಸರುಗಳಲ್ಲಿ ಒಂಬತ್ತನ್ನು ‘ಬಿ ಮೈನಸ್’ ಮಾಡಿದೆ. ಬಿ ಮೈನಸ್‌ನಲ್ಲಿದ್ದವರನ್ನು ಅಲ್ಲೇ ಬಿಟ್ಟರೆ ಅವರಿಗೆ ಅನ್ಯಾಯ, ಅವರನ್ನು ಬಿಗೆ ತಂದೆ. ಆಮೇಲೆ ಬಿಯವರು. ಒಂದು ಮೆಟ್ಟಿಲು ಎತ್ತಿದರೆ ಇಡೀ ಏಣಿಯನ್ನೇ ಎತ್ತಬೇಕಾಗುತ್ತದೆ ಎಂದು ಅವತ್ತು ತಿಳಿಯಿತು. ಒಬ್ಬರೂ ಆಕ್ಷೇಪಿಸಲಿಲ್ಲ. ಅಂಕ ಏರಿದ್ದಕ್ಕೆ ರೀವ್ಯಾಲ್ಯುಯೇಷನ್ ಅರ್ಜಿ ಹಾಕುವವರು ಎಲ್ಲಿದ್ದಾರೆ? ನನ್ನ ಸರಾಸರಿ 3.9ಕ್ಕೆ ಬಂತು, ಕಾಂಟ್ರ್ಯಾಕ್ಟ್ ಮೂರು ವರ್ಷಕ್ಕೆ ಮುಂದುವರಿಯಿತು. ಮುಖ್ಯಸ್ಥರನ್ನು ದೂರುವುದಿಲ್ಲ, ವಿದ್ಯಾರ್ಥಿಗಳನ್ನೂ ದೂರುವುದಿಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತು.

ಕಾಯಂ ಕುರ್ಚಿಯಲ್ಲಿ ಭದ್ರವಾಗಿ ಕೂತವರೇ ಬಾಗಿದ್ದಾರೆ. ಹಾರ್ವರ್ಡ್‌ನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ಹಾರ್ವೆ ಸಿ. ಮ್ಯಾನ್ಸ್‌ಫೀಲ್ಡ್ ಎಷ್ಟು ಬಿಗಿ ಎಂದರೆ, ಹೆಸರಿನ ನಡುವಿನ ‘ಸಿ’ಯನ್ನೇ ಹಿಡಿದು ಹುಡುಗರು ಅವರಿಗೆ ‘ಸಿ ಮೈನಸ್’ ಎಂದು ಅಡ್ಡಹೆಸರಿಟ್ಟಿದ್ದರು. ಅವರು 2001ರಿಂದ ಎರಡೆರಡು ಗ್ರೇಡು ಕೊಡತೊಡಗಿದರು. ದಾಖಲೆಗೆ ಹೋಗಲು ಊರಿನ ದರದ್ದು ಒಂದು, ವಿದ್ಯಾರ್ಥಿಗೆ ಗುಟ್ಟಾಗಿ ಹೇಳುವ ನಿಜವಾದದ್ದು ಇನ್ನೊಂದು. ತಾನೊಬ್ಬ ಬಿಗಿಯಾಗಿದ್ದರೆ ತನ್ನ ಕೋರ್ಸು ತೆಗೆದುಕೊಂಡವರಿಗೆ ಮಾತ್ರ ಶಿಕ್ಷೆಯಾಗುತ್ತದೆ ಎನ್ನುವುದು ಅವರ ವಾದ. 2013ರಲ್ಲಿ ಅಧ್ಯಾಪಕರ ಸಭೆಯಲ್ಲಿ ಎದ್ದು ನಿಂತು, ಇಲ್ಲಿನ ಮೀಡಿಯನ್ ಗ್ರೇಡ್ ‘ಎ ಮೈನಸ್’ ಎಂದು ಕೇಳಿದ್ದೇನೆ, ನಿಜವೇ ಎಂದವರೂ ಅವರೇ. ಡೀನ್ ಜೇ ಹ್ಯಾರಿಸ್ ಹೌದು ಎಂದು ಒಪ್ಪಿ, ಎಲ್ಲಕ್ಕಿಂತ ಹೆಚ್ಚು ಸಲ ಕೊಡುವ ಗ್ರೇಡ್ ‘ಎ’ ಎಂದು ಇನ್ನೊಂದು ಮಾತು ಸೇರಿಸಿದರು.

● ಅಮೆರಿಕದ ಮಾತು ಯಾಕೆ, ನಮ್ಮ ಎಸ್ಸೆಸ್ಸೆಲ್ಸಿ ಗ್ರೇಸ್ ಮಾರ್ಕ್ಸ್ ಕೂಡ ಇದೇ ಅಲ್ಲವೇ?
— ಪಾಲಕರು, ತುಮಕೂರು

ಅರ್ಧ ಹೌದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ನಕಲಿಗೆ ಕತ್ತರಿ ಬಿತ್ತು. ಫಲಿತಾಂಶ ಕುಸಿಯುವುದನ್ನು ಕಂಡು ಮಂಡಳಿ ಗ್ರೇಸ್ ಅಂಕ ಏರಿಸಿತು. ಅಷ್ಟು ಮಾಡಿಯೂ ಹಿಂದಿನ ವರ್ಷ ಶೇ. 83.89 ಇದ್ದದ್ದು 73.40ಕ್ಕೆ ಬಂತು. ಆ ಗ್ರೇಸ್ ಹಿಂತೆಗೆದ ಮೇಲೆ 2025ರ ಮೊದಲ ಪರೀಕ್ಷೆಯಲ್ಲಿ 62.34.

ನಮ್ಮಲ್ಲಿ ಅಂಕ ಉಬ್ಬಿದ್ದು ಏಣಿಯ ಬುಡದಲ್ಲಿ, ಪಾಸಿನ ಗೆರೆಯ ಹತ್ತಿರ. ಆದೇಶದ ಮೂಲಕ, ಎಲ್ಲರಿಗೂ ಗೊತ್ತಾಗುವ ಹಾಗೆ ಆಯಿತು, ಆದ್ದರಿಂದ ಜಗಳವಾಡಿ ಹಿಂತೆಗೆಸಲೂ ಆಯಿತು. ಅಲ್ಲಿ ಏಣಿಯ ತುದಿಯಲ್ಲಿ, ನನ್ನಂಥ ಸಾವಿರಾರು ಮೇಷ್ಟ್ರು ಒಬ್ಬೊಬ್ಬರೇ ರಾತ್ರಿ ಕೂತು ಮಾಡಿದ್ದು. ಹಿಂತೆಗೆಯಲು ಆದೇಶವೇ ಇಲ್ಲ.

● ನ್ಯೂಜೆರ್ಸಿಯಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಕಂಪನಿಗೆ ಹೊಸಬರನ್ನು ಆರಿಸುವ ಸಮಿತಿಯಲ್ಲಿದ್ದೇನೆ. ಬರುವವರದ್ದೆಲ್ಲ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ನಾಲ್ಕಕ್ಕೆ 3.8, 3.9. ನಾವೀಗ ಅದನ್ನು ನೋಡುವುದನ್ನೇ ಬಿಟ್ಟಿದ್ದೇವೆ. ತಪ್ಪು ಮಾಡುತ್ತಿದ್ದೇವೆಯೇ?
— ಭದ್ರಾವತಿಯವನು, ಎಡಿಸನ್

ನಮ್ಮದು ಸಾಗರದ ಕಡೆ ಅಡಿಕೆ ತೋಟದ ಮನೆ. ನೀವೂ ಆ ಸೀಮೆಯವರೇ, ನಿಮಗೆ ಹೇಳಿದರೆ ತಿಳಿಯುತ್ತದೆ. ಒಣಗಿದ ಅಡಿಕೆಯನ್ನು ಅಂಗಳದಲ್ಲಿ ಹರಡಿಕೊಂಡು ನಮ್ಮ ಅಜ್ಜಿ ಆರಿಸಲು ಕೂತರೆ ಸಂಜೆಯಾದರೂ ಏಳುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಸರಕು ಒಂದು ಕಡೆ, ಅದಕ್ಕಿಂತ ಕೆಳಗಿನ ಬೆಟ್ಟೆ ಒಂದು ಕಡೆ, ರಾಶಿ, ಗೊರಬಲು ಬೇರೆ ಬೇರೆ. ಮಂಡಿಯಲ್ಲಿ ಒಂದೊಂದಕ್ಕೆ ಒಂದೊಂದು ದರ. ಅಜ್ಜಿಯ ಕೈಯಲ್ಲಿ ಬೆಟ್ಟೆ ಎಂದೂ ಸರಕಿನ ರಾಶಿಗೆ ಹೋಗಿದ್ದಿಲ್ಲ. ‘ಒಂದು ಸಲ ಹೋದರೆ ಆಮೇಲೆ ಸರಕಿಗೂ ಬೆಟ್ಟೆ ದರ ಹಾಕ್ತಾರೆ’ ಎನ್ನುತ್ತಿದ್ದಳು.

ಈಗ ಎಲ್ಲ ಮನೆಯವರೂ ಎಲ್ಲ ಚೀಲದ ಮೇಲೂ ಸರಕು ಎಂದೇ ಬರೆದು ತಂದರು ಎಂದಿಟ್ಟುಕೊಳ್ಳಿ. ವ್ಯಾಪಾರಿ ಏನು ಮಾಡುತ್ತಾನೆ? ಚೀಲದ ಮೇಲಿನ ಅಕ್ಷರ ಬಿಟ್ಟು ಚೀಲ ಯಾರ ಮನೆಯದು ಎಂದು ನೋಡುತ್ತಾನೆ. ದೊಡ್ಡ ಮನೆಯ ಅಡಿಕೆ ಕಣ್ಮುಚ್ಚಿ ಕೊಳ್ಳುತ್ತಾನೆ. ಎರಡು ಎಕರೆಯವನು ಎಷ್ಟೇ ಚೆನ್ನಾಗಿ ಆರಿಸಿ ತಂದಿದ್ದರೂ ಬಾಗಿಲಲ್ಲಿ ನಿಂತಿರುತ್ತಾನೆ.

ನೀವು ಈಗ ಮಾಡುತ್ತಿರುವುದು ಇದನ್ನೇ ಎಂದು ನನ್ನ ಅನುಮಾನ. ಜಿಪಿಎ ಬಿಟ್ಟಿರಿ, ಅದರ ಜಾಗದಲ್ಲಿ ಏನು ನೋಡುತ್ತಿದ್ದೀರಿ? ಯಾವ ಕಾಲೇಜು, ಬೇಸಿಗೆ ರಜೆಯಲ್ಲಿ ಎಲ್ಲಿ ಇಂಟರ್ನ್‌ಶಿಪ್, ಯಾರ ಶಿಫಾರಸು, ಯಾವ ಕ್ಲಬ್ಬಿನ ಪದಾಧಿಕಾರಿ. ಹಾರ್ವರ್ಡ್‌ನಂಥ ಕಡೆ ವಿದ್ಯಾರ್ಥಿಗಳ ಕನ್ಸಲ್ಟಿಂಗ್ ಕ್ಲಬ್ಬಿಗೆ ಸೇರಲೂ ಅರ್ಜಿ, ಸಂದರ್ಶನ ಎಲ್ಲ ಇದೆ. ತರಗತಿಯಲ್ಲಿ ಎಲ್ಲರೂ ಒಂದೇ ಆದ ಮೇಲೆ ಪೈಪೋಟಿ ತರಗತಿಯ ಹೊರಗೆ ಹೋಯಿತು. ಅಲ್ಲಿ ಗೆಲ್ಲಲು ಅಪ್ಪನ ಸ್ನೇಹಿತರು ಬೇಕು, ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವಷ್ಟು ಮನೆಯಲ್ಲಿ ದುಡ್ಡಿರಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ ವಶೀಲಿ ಎನ್ನುತ್ತಾರೆ. ಕ್ಯಾಂಪಸ್ ಕ್ಯಾಂಟೀನಿನಲ್ಲಿ ರಾತ್ರಿ ತಟ್ಟೆ ತೊಳೆದು, ಹಗಲು ಓದಿ, ಕಷ್ಟದ ಕೋರ್ಸಿನಲ್ಲಿ ನಿಜವಾದ ‘ಎ’ ತೆಗೆದ ಹುಡುಗನಿಗೆ ಇದ್ದದ್ದು ಅದೊಂದೇ ಅಕ್ಷರ. ನನ್ನಂಥವರು ಒಂಬತ್ತು ಜನಕ್ಕೆ ಉಪಕಾರ ಮಾಡುತ್ತಾ ಅವನ ಕೈಯಿಂದ ಅದನ್ನು ಕಿತ್ತುಕೊಂಡೆವು. ಉಬ್ಬಿದ ಗ್ರೇಡು ಬಡ ಮಕ್ಕಳಿಗೆ ದಯೆ ಎನ್ನುವವರ ಜೊತೆ ನನ್ನ ಜಗಳ ಇಷ್ಟೇ. ವೆಲ್ಸ್‌ಲಿಯ ಅಂಕಿಅಂಶ ಅವರ ಕಡೆ ಇದೆ ಎನ್ನುವುದನ್ನು ಮರೆತಿಲ್ಲ. ಆದರೂ ಜಗಳ ಬಿಟ್ಟಿಲ್ಲ.

ನೀವು ಮಾಡಬಹುದಾದದ್ದು ಒಂದಿದೆ. ಡಾರ್ಟ್‌ಮತ್ ಕಾಲೇಜಿನ ಮಾರ್ಕ್ಸ್ ಕಾರ್ಡಿನಲ್ಲಿ ವಿದ್ಯಾರ್ಥಿಯ ಗ್ರೇಡಿನ ಪಕ್ಕದಲ್ಲೇ ಆ ತರಗತಿಯ ಮೀಡಿಯನ್ ಗ್ರೇಡು, ಎಷ್ಟು ಜನರಿದ್ದರು ಎನ್ನುವುದು ಮುದ್ರಣವಾಗಿರುತ್ತದೆ. ಅಂಥ ಕಡೆಯಿಂದ ಬಂದವರದ್ದನ್ನು ದಯವಿಟ್ಟು ಓದಿ. ಮೀಡಿಯನ್ ‘ಬಿ’ ಇದ್ದಲ್ಲಿ ‘ಎ ಮೈನಸ್’ ತಂದವಳು, ಮೀಡಿಯನ್ ‘ಎ’ ಇದ್ದಲ್ಲಿ ‘ಎ’ ತಂದವನಿಗಿಂತ ಮುಂದೆ ಇದ್ದಾಳೆ. ಉಳಿದವರಿಗೆ, ಸೆಮಿಸ್ಟರ್‌ನಲ್ಲಿ ಬರೆದ ಒಂದು ಪ್ರಬಂಧವನ್ನೋ ಪ್ರಾಜೆಕ್ಟನ್ನೋ ತರಲು ಹೇಳಿ, ಅದರ ಮೇಲೆಯೇ ಅರ್ಧ ಗಂಟೆ ಮಾತಾಡಿ. ಕೆಲಸ ಹೆಚ್ಚು, ಗೊತ್ತು. ಅಜ್ಜಿಗೂ ಸಂಜೆಯಾಗುತ್ತಿತ್ತು.

● ಎಲ್ಲರ ಅಂಕದ ಬಗ್ಗೆ ಬರೆಯುತ್ತೀರಲ್ಲ, ನಿಮ್ಮದೆಷ್ಟು?
— ಹೆಸರು ಬೇಡ ಎಂದವರು, ಮೈಸೂರು

ಎಂ.ಎಸ್ಸಿ.ಯಲ್ಲಿ ಶೇ. 63.4. ಮೇಲೆ ಹೇಳಿದ ಅಮೆರಿಕದ ಅಳತೆಗೋಲಿನಲ್ಲಿ ಅದು ‘ಡಿ’. ಅರ್ಜಿ ನೋಡುವವರು ಅಷ್ಟಕ್ಕೇ ನನ್ನನ್ನು ಬದಿಗಿಡಬಹುದಿತ್ತು. ನಮ್ಮ ವಿಭಾಗದ ಮೇಷ್ಟ್ರು ಅದನ್ನು ಊಹಿಸಿದ್ದರು ಎಂದು ಕಾಣುತ್ತದೆ. ಶಿಫಾರಸು ಪತ್ರದಲ್ಲಿ ನನ್ನ ಗುಣಗಾನ ಮಾಡುವ ಬದಲು ಎರಡು ಸಾಲು ಟೈಪ್ ಮಾಡಿಸಿದರು. ‘ಈ ತರಗತಿಯಲ್ಲಿ ಇಪ್ಪತ್ತಾರು ಜನ. ಪ್ರಥಮ ಸ್ಥಾನ ಪಡೆದವನಿಗೆ 64, ಈಕೆಗೆ 63.4, ಈಕೆ ದ್ವಿತೀಯ.’ ಆ ಪತ್ರದ ಕಾರ್ಬನ್ ಪ್ರತಿ ನನ್ನ ಟ್ರಂಕಿನಲ್ಲಿದೆ. ಶಾಯಿ ನೀಲಿಯಿಂದ ನೇರಳೆಗೆ ತಿರುಗಿದೆ, ಅಂಕಿಗಳು ಸ್ಪಷ್ಟವಾಗಿವೆ.

ಪ್ರಥಮ ಸ್ಥಾನದವನು ಬ್ಯಾಂಕ್ ಸೇರಿ, ನಿವೃತ್ತನಾಗಿ, ಈಗ ಕುವೆಂಪುನಗರದಲ್ಲಿದ್ದಾನೆ. ವಾಕಿಂಗಿನಲ್ಲಿ ಸಿಕ್ಕಾಗಲೆಲ್ಲ ಆ ಸೊನ್ನೆ ಪಾಯಿಂಟ್ ಆರನ್ನು ನೆನಪಿಸುತ್ತಾನೆ. ನಮ್ಮ ನಡುವೆ ರೀವ್ಯಾಲ್ಯುಯೇಷನ್ ಇನ್ನೂ ಬಾಕಿ ಇದೆ.